ಬ್ರೇಕಿಗೆ ಮೊದಲಿನ ಅರೆಕ್ಷಣ

ಗೆಳೆಯರೊಬ್ಬರ ಕೈಗೆ 30 ಸೆಂಟಿಮೀಟರಿನ ಸ್ಕೇಲು ಕೊಡಿ. ಸೊನ್ನೆಯ ಗುರುತು ನಿಮ್ಮ ಹೆಬ್ಬೆರಳು, ತೋರುಬೆರಳುಗಳ ನಡುವೆ ಬರುವಂತೆ ಅವರು ಅದನ್ನು ಮೇಲಿನಿಂದ ಹಿಡಿದಿರಲಿ. ಹೇಳದೆ ಕೇಳದೆ ಕೈಬಿಡಲಿ. ನೀವು ಥಟ್ಟನೆ ಹಿಡಿಯಬೇಕು. ಸ್ಕೇಲು 20ನೇ ಗುರುತಿನ ಬಳಿ ಸಿಕ್ಕರೆ ನೀವು ತೆಗೆದುಕೊಂಡ ಕಾಲ ಸೆಕೆಂಡಿನ ಐದನೇ ಒಂದು ಭಾಗ. ಗುರುತ್ವವೇ ಇಲ್ಲಿ ಗಡಿಯಾರ.

ನಗರಗೆರೆಯಲ್ಲಿ ಇದನ್ನು ಮಾಡಿಸುತ್ತಿದ್ದಾಗ ಹುಡುಗನೊಬ್ಬ, "ಸಾರ್, ಕಾರಿನ ಬ್ರೇಕ್ ಒತ್ತೋದು ಕಾಲಲ್ವಾ?" ಎಂದ. ನಿಜ. ಆದರೆ ಕಾಲಿಗೆ ಈ ಸ್ಕೇಲು ಸಾಲದು; ಅರ್ಧ ಸೆಕೆಂಡಿನಲ್ಲಿ ಅದು 122 ಸೆಂಟಿಮೀಟರ್ ಬಿದ್ದಿರುತ್ತದೆ.

ಹಾಗಾಗಿ ಅಗ್ಗದ ಡಿಜಿಟಲ್ ಸ್ಟಾಪ್‌ವಾಚೊಂದನ್ನು ಬಿಚ್ಚಿ, ಅದನ್ನು ಓಡಿಸುವ ಮತ್ತು ನಿಲ್ಲಿಸುವ ಗುಂಡಿಯಿಂದ ಎರಡು ತಂತಿಗಳನ್ನು ಬೆಸುಗೆ ಹಾಕಿ ಹೊರತಂದೆವು. ಅವಕ್ಕೆ ಎರಡು ಕಾಲಿಂಗ್ ಬೆಲ್ ಸ್ವಿಚ್‌ಗಳನ್ನು ಸಮಾನಾಂತರವಾಗಿ ಜೋಡಿಸಿದೆವು. ಒಂದು ಪರೀಕ್ಷಕನ ಕೈಯಲ್ಲಿ, ಇನ್ನೊಂದು ಬ್ರೇಕ್ ಪೆಡಲಿನಂತೆ ತಿಜಾಗರ ಹಾಕಿದ ಹಲಗೆಯ ಅಡಿಯಲ್ಲಿ. ಪರೀಕ್ಷಕನ ಬಳಿ ಸೆಲ್ಲಿನಿಂದ ಕೆಂಪು ದೀಪ ಹೊತ್ತಿಸಲು ಮೂರನೆಯ ಸ್ವಿಚ್ಚೂ ಇದೆ. ಒಂದೇ ಮರದ ತುಂಡಿನಿಂದ ಎರಡನ್ನೂ ಒತ್ತಿ ಬಿಟ್ಟರೆ ದೀಪ ಮಿನುಗುತ್ತದೆ, ವಾಚು ಓಡುತ್ತದೆ. ಆಕ್ಸಿಲರೇಟರ್ ಎಂದು ಇಟ್ಟ ತುಂಡಿನಿಂದ ಪಾದ ಎತ್ತಿ ಪೆಡಲ್ ಒತ್ತಿದೊಡನೆ ವಾಚು ನಿಲ್ಲುತ್ತದೆ. ಮೊದಲು ಟಾರ್ಚಿನ ಬಲ್ಬ್ ಹಾಕಿ ಎಡವಿದೆವು. ಅದರ ತಂತು ಕಾದು ಬೆಳಗಲು ತಾನೇ ಒಂದಿಷ್ಟು ಕಾಲ ತಿನ್ನುತ್ತದೆ. ಎಲ್‌ಇಡಿಗೆ ಆ ತಕರಾರಿಲ್ಲ.

ಬೆರಳಿನಲ್ಲಿ 0.2 ಸೆಕೆಂಡು ತೋರಿಸಿದ್ದ ನಾನು ಕಾಲಿನಲ್ಲಿ 0.5ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ವಯಸ್ಸಿನ ಸಬೂಬನ್ನು ಹುಡುಗರು ಒಪ್ಪಲಿಲ್ಲ.

ನರಗಳಲ್ಲಿ ಸುದ್ದಿ ಸಾಗಲು ಕಾಲ ಬೇಕೆಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ನರವನ್ನು ಬಳಸಿ ಅಳೆದು ತೋರಿಸಿದರು. ಅದು ಅಳತೆಗೇ ಸಿಗದ ವೇಗವೆಂದು ಅವರ ಗುರು ಮ್ಯೂಲರ್ ನಂಬಿದ್ದರು. ನಮ್ಮ ಅರ್ಧ ಸೆಕೆಂಡಿನಲ್ಲಿ ನರದ ಪಾಲು ಅಲ್ಪ. ಕಂಡದ್ದನ್ನು ಮಿದುಳು ಗುರುತಿಸಿ ನಿರ್ಧರಿಸುವುದಕ್ಕೆ, ಪಾದ ಎತ್ತಿಡುವುದಕ್ಕೆ ಹೆಚ್ಚು ಹೊತ್ತು ಬೇಕು.

ಗೌರಿಬಿದನೂರಿಗೆ ಟೆಂಪೊ ಓಡಿಸುವ ಚಾಲಕರೊಬ್ಬರನ್ನು ಕೂರಿಸಿದೆವು. ನಮ್ಮೆಲ್ಲರಿಗಿಂತ ಚುರುಕು. ಆದರೆ ಹದಿನೇಳಾರಲಿ ಎಷ್ಟು ಎಂದು ಕೇಳುತ್ತಾ ದೀಪ ಹಾಕಿದಾಗ ಅವರ ಕಾಲೂ ತಡವರಿಸಿತು. "ಇಲ್ಲಿ ದೀಪಾನೇ ನೋಡ್ಕೊಂಡು ಕೂತಿರ್ತೀವಿ ಮೇಷ್ಟ್ರೇ, ರೋಡಲ್ಲಿ ದನ ಹೇಳಿ ಕೇಳಿ ಬರ್ತದಾ?" ಎಂದರು.

ಆ ಮಾತಿಗೆ ತೂಕವಿದೆ. ರಸ್ತೆಯ ವಿನ್ಯಾಸಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹಿಡಿಯುವ ಲೆಕ್ಕ ಅರ್ಧ ಸೆಕೆಂಡಲ್ಲ, 2.5 ಸೆಕೆಂಡು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅಷ್ಟರೊಳಗೆ ವಾಹನ 42 ಮೀಟರ್ ಸಾಗಿರುತ್ತದೆ, ಬ್ರೇಕ್ ಇನ್ನೂ ಹಿಡಿದಿರುವುದಿಲ್ಲ. ಪೂರ್ತಿ ನಿಲ್ಲಲು ಸುಮಾರು 80 ಮೀಟರ್ ಬೇಕು.

2023ರ ಅಕ್ಟೋಬರ್ 26ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಹೊರವಲಯದ ಹೆದ್ದಾರಿಯಲ್ಲಿ, ಮಂಜು ಕವಿದಿದ್ದ ಹೊತ್ತು, ನಿಂತಿದ್ದ ಟ್ಯಾಂಕರಿಗೆ ಟಾಟಾ ಸುಮೊ ಬಡಿದು 13 ಜನ ಸತ್ತರು. ಅಂದಿನ ವೇಗವನ್ನಾಗಲಿ ತಪ್ಪನ್ನಾಗಲಿ ಲೆಕ್ಕ ಹಾಕಲು ನಾನು ಹೊರಟಿಲ್ಲ. ಮಂಜಿನಲ್ಲಿ ಮುಂದೆ 50 ಮೀಟರಷ್ಟೇ ಕಾಣುವಾಗ ಅದೇ 2.5 ಸೆಕೆಂಡಿನ ಲೆಕ್ಕ ಒಪ್ಪುವ ವೇಗ ಗಂಟೆಗೆ ಸುಮಾರು 40 ಕಿ.ಮೀ., ಅಷ್ಟೇ.

ಚಾಲಕರು ಈ ಅಂಕಿಯನ್ನು ಚೀಟಿಯಲ್ಲಿ ಬರೆಸಿಕೊಂಡು ಹೋದರು. ಮುಂದಿನ ಸಲ ಮೊಬೈಲಿನಲ್ಲಿ ಮಾತನಾಡಿಸುತ್ತಾ ಪರೀಕ್ಷೆ ಮಾಡಬೇಕಂತೆ, ಅವರ ಮಗನನ್ನು.