ಬೆಕ್ಕಿನ ಮೊಡವೆ

ಬೆಕ್ಕಿನ ಮೊಡವೆ ಎಂಬುದು ಸಾಕು ಬೆಕ್ಕುಗಳ ಗದ್ದ ಹಾಗೂ ಕೆಳದುಟಿಯ ಚರ್ಮದಲ್ಲಿ ಕಾಣಿಸಿಕೊಳ್ಳುವ ಒಂದು ಚರ್ಮವ್ಯಾಧಿ. ಮೇಲ್ದುಟಿಯಲ್ಲಿ ಇದು ಅಪರೂಪ. ಯಾವುದೇ ವಯಸ್ಸಿನ, ತಳಿಯ, ಗಂಡು ಅಥವಾ ಹೆಣ್ಣು ಬೆಕ್ಕಿಗೂ ಇದು ಬರಬಹುದು. ಮನುಷ್ಯರ ಮೊಡವೆಯಂತೆ ಹರೆಯದೊಂದಿಗೆ ಬಂದು ಹೋಗುವ ತೊಂದರೆ ಇದಲ್ಲ. ಕೆಲವು ಬೆಕ್ಕುಗಳಲ್ಲಿ ಜೀವನಪರ್ಯಂತ ಮರುಕಳಿಸುತ್ತದೆ.

ಕಾರಣ

ಬೆಕ್ಕಿನ ಗದ್ದದಲ್ಲಿ ಮೇದೋಗ್ರಂಥಿಗಳು ದಟ್ಟವಾಗಿವೆ. ಬೆಕ್ಕು ಬಾಗಿಲ ಚೌಕಟ್ಟಿಗೂ ಮನೆಯವರ ಕಾಲಿಗೂ ಗದ್ದವನ್ನು ಉಜ್ಜುವಾಗ ಈ ಗ್ರಂಥಿಗಳ ಸ್ರಾವವೇ ಅದರ ಗುರುತಿನ ವಾಸನೆಯನ್ನು ಅಲ್ಲಿ ಬಿಡುತ್ತದೆ. ರೋಮಕೂಪದೊಳಗೆ ಕೆರಾಟಿನ್ ಅತಿಯಾಗಿ ಶೇಖರಗೊಂಡು ಈ ಜಿಡ್ಡಿನೊಂದಿಗೆ ಸೇರಿದಾಗ ಕೂಪದ ಬಾಯಿ ಮುಚ್ಚಿಹೋಗಿ ಕಪ್ಪುಚುಕ್ಕೆ ಉಂಟಾಗುತ್ತದೆ. ಇದು ಹೀಗೇಕೆ ಶೇಖರವಾಗುತ್ತದೆ ಎಂಬುದಕ್ಕೆ ಒಂದೇ ಖಚಿತ ಉತ್ತರವಿಲ್ಲ. ಗದ್ದವನ್ನು ಸರಿಯಾಗಿ ನೆಕ್ಕಿಕೊಳ್ಳದಿರುವುದು, ಒತ್ತಡ, ಅಲರ್ಜಿ, ಊಟದ ತಟ್ಟೆಯ ಸಂಪರ್ಕ ಮೊದಲಾದವನ್ನು ಪಶುವೈದ್ಯರು ಕಾರಣಗಳೆಂದು ಪರಿಗಣಿಸುತ್ತಾರೆ. ಪ್ಲಾಸ್ಟಿಕ್ ತಟ್ಟೆಯ ಮೇಲಿನ ಆರೋಪ ಬಹಳ ಪ್ರಚಲಿತ. ಗೀರುಬಿದ್ದ ಪ್ಲಾಸ್ಟಿಕ್‌ನಲ್ಲಿ ಜಿಡ್ಡು ಮತ್ತು ಬ್ಯಾಕ್ಟೀರಿಯಾ ಉಳಿಯುತ್ತವೆ ಎಂಬುದು ಅದರ ಆಧಾರ. ಆದರೆ ತಟ್ಟೆ ಬದಲಿಸಿದ ಮಾತ್ರಕ್ಕೆ ಎಲ್ಲ ಬೆಕ್ಕುಗಳೂ ಗುಣವಾಗುವುದಿಲ್ಲ.

ಗುರುತಿಸುವಿಕೆ

ಆರಂಭದಲ್ಲಿ ಗದ್ದಕ್ಕೆ ಕಾಫಿಪುಡಿ ಅಂಟಿದಂತೆ ಕಾಣುತ್ತದೆ. ಬೆಕ್ಕಿಗೆ ನೋವಾಗಲಿ ತುರಿಕೆಯಾಗಲಿ ಇರುವುದಿಲ್ಲ. ಅನೇಕರು ಇದನ್ನು ಕೊಳೆ ಅಥವಾ ಚಿಗಟದ ಹಿಕ್ಕೆ ಎಂದು ಭಾವಿಸುತ್ತಾರೆ. ವ್ಯತ್ಯಾಸ ತಿಳಿಯುವುದು ಸುಲಭ: ಕಣಗಳನ್ನು ಒದ್ದೆಯಾದ ಬಿಳಿ ಕಾಗದದ ಮೇಲೆ ಉದುರಿಸಿದಾಗ ಚಿಗಟದ ಹಿಕ್ಕೆಯು ಜೀರ್ಣವಾದ ರಕ್ತವಾದ್ದರಿಂದ ಕೆಂಗಂದು ಬಣ್ಣ ಬಿಡುತ್ತದೆ, ಮೊಡವೆಯ ಕಣ ಬಿಡುವುದಿಲ್ಲ.

ಬ್ಯಾಕ್ಟೀರಿಯಾ ಸೋಂಕು ಸೇರಿಕೊಂಡರೆ ಕೆಂಪು ಗುಳ್ಳೆ, ಕೀವು, ಕೂದಲುದುರುವಿಕೆ ಕಾಣಿಸುತ್ತವೆ. ರೋಮಕೂಪ ಚರ್ಮದೊಳಗೇ ಒಡೆದರೆ ಗದ್ದ ಊದಿ ರಕ್ತ ಒಸರುತ್ತದೆ, ದವಡೆಯ ಕೆಳಗಿನ ದುಗ್ಧಗ್ರಂಥಿಗಳು ದಪ್ಪವಾಗುತ್ತವೆ. ಈ ಹಂತದಲ್ಲಿ ಬೆಕ್ಕು ಊಟ ಬಿಡಬಹುದು.

ಗದ್ದದ ಗಾಯಗಳೆಲ್ಲ ಮೊಡವೆಯಲ್ಲ. ಡೆಮೊಡೆಕ್ಸ್ ನುಸಿ, ಮಲಸೇಜಿಯ ಯೀಸ್ಟ್, ಹಲ್ಲಿನ ಬೇರಿನ ಕೀವು, ಮುದಿ ಬೆಕ್ಕುಗಳಲ್ಲಿ ಗಡ್ಡೆ ಇವೂ ಹೀಗೆಯೇ ಕಾಣಬಹುದು. ಹುಳುಕಡ್ಡಿಯನ್ನು ಮುಖ್ಯವಾಗಿ ಗಮನಿಸಬೇಕು. ಶಿಲೀಂಧ್ರದಿಂದ ಬರುವ ಇದು ಬೆಕ್ಕಿನಿಂದ ಮನುಷ್ಯರಿಗೆ, ಅದರಲ್ಲೂ ಬೆಕ್ಕನ್ನು ಎತ್ತಿಕೊಳ್ಳುವ ಮಕ್ಕಳಿಗೆ, ಹರಡುತ್ತದೆ, ಮೊಡವೆ ಹರಡುವುದಿಲ್ಲ. ಮನೆಯವರ ಚರ್ಮದಲ್ಲಿ ಉಂಗುರಾಕಾರದ ಕಲೆಗಳಿದ್ದರೆ ಆ ಸಂಗತಿಯನ್ನು ಪಶುವೈದ್ಯರಿಗೆ ತಿಳಿಸುವುದು ಅವಶ್ಯಕ. ಚರ್ಮದ ಕೆರೆತ, ಸೂಕ್ಷ್ಮದರ್ಶಕ ಪರೀಕ್ಷೆ ಮತ್ತು ಶಿಲೀಂಧ್ರ ಕೃಷಿಯಿಂದ ಇವುಗಳನ್ನು ಬೇರ್ಪಡಿಸಲಾಗುತ್ತದೆ.

ಮನೆಯ ಆರೈಕೆ

ದಕ್ಷಿಣ ಕನ್ನಡದ ಕಾಣಿಯೂರು, ಕಡಬ, ಸುಳ್ಯ, ಪುತ್ತೂರು ಪರಿಸರದಲ್ಲಿ, ತುಳುವಿನಲ್ಲಿ 'ಪುಚ್ಚೆ' ಎನಿಸುವ ಬೆಕ್ಕು ಅಡಿಕೆ ತೋಟದ ಮನೆಗಳಲ್ಲಿ ಇಲಿ ಹಿಡಿಯುವ ಪ್ರಾಣಿಯಾಗಿ ಬಹುಕಾಲದಿಂದ ಇದೆ. ಅದಕ್ಕೆ ಅನ್ನವನ್ನು ತೆಂಗಿನ ಗೆರಟೆಯಲ್ಲೋ ಹಳೆಯ ಪ್ಲಾಸ್ಟಿಕ್ ತಟ್ಟೆಯಲ್ಲೋ ಇಡುವುದುಂಟು. ನಾರಿನ ಗೆರಟೆಯು ಮೀನಿನ ಜಿಡ್ಡನ್ನು ಹೀರಿಕೊಳ್ಳುವುದರಿಂದ ಪೂರ್ತಿ ತೊಳೆಯಲಾಗದು. ಅಗಲವಾದ, ಆಳವಿಲ್ಲದ ಸ್ಟೀಲ್ ಅಥವಾ ಪಿಂಗಾಣಿ ತಟ್ಟೆಯನ್ನು ದಿನವೂ ತೊಳೆದು ಬಳಸುವುದು ಮೇಲು.

ಕಪ್ಪುಚುಕ್ಕೆಗಳಷ್ಟೇ ಇದ್ದು ಬೆಕ್ಕು ಆರಾಮವಾಗಿದ್ದರೆ ಚಿಕಿತ್ಸೆಯೇ ಬೇಡವಾಗಬಹುದು. ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯನ್ನು ಕೆಲವು ನಿಮಿಷ ಗದ್ದಕ್ಕೆ ಒತ್ತಿ ಹಿಡಿದು ಮೃದುವಾಗಿ ಒರೆಸಿದರೆ ಜಿಡ್ಡು ಸಡಿಲಗೊಳ್ಳುತ್ತದೆ. ಹಿಸುಕಬಾರದು, ಹಿಸುಕಿದರೆ ರೋಮಕೂಪ ಒಳಗೆ ಒಡೆದು ಸೋಂಕು ಆಳಕ್ಕಿಳಿಯುತ್ತದೆ.

ಗಾಯಕ್ಕೆ ತೆಂಗಿನೆಣ್ಣೆ, ಅರಸಿನ ಹಚ್ಚುವ ರೂಢಿ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಮೊದಲೇ ಜಿಡ್ಡಾದ ಚರ್ಮಕ್ಕೆ ಎಣ್ಣೆ ಮತ್ತಷ್ಟು ಜಿಡ್ಡು ಸೇರಿಸುತ್ತದೆ; ಅರಸಿನದ ಬಣ್ಣವು ಕೆಂಪು ಹೆಚ್ಚಾಗುತ್ತಿರುವುದನ್ನು ಮರೆಮಾಡುತ್ತದೆ. ಕರ್ಪೂರ ಮತ್ತು ಟೀ ಟ್ರೀ ಎಣ್ಣೆ ಅಪಾಯಕಾರಿ. ಬೆಕ್ಕು ಹಚ್ಚಿದ್ದನ್ನೆಲ್ಲ ನೆಕ್ಕುತ್ತದೆ, ಅದರ ಯಕೃತ್ತಿಗೆ ಇಂತಹ ಅನೇಕ ರಾಸಾಯನಿಕಗಳನ್ನು ವಿಭಜಿಸುವ ಸಾಮರ್ಥ್ಯ ಕಡಿಮೆ. ನೋವಿಗೆಂದು ಪ್ಯಾರಾಸಿಟಮಾಲ್ ಕೊಡುವುದಂತೂ ಪ್ರಾಣಾಂತಿಕ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ವೈದ್ಯಕೀಯ ಚಿಕಿತ್ಸೆ

ಗುಳ್ಳೆ, ಕೀವು ಅಥವಾ ಊತ ಕಂಡಾಗ ಪಶುವೈದ್ಯರು ದುರ್ಬಲ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಗದ್ದವನ್ನು ಶುಚಿಗೊಳಿಸಲು ಸೂಚಿಸುತ್ತಾರೆ. ಬೆನ್ಜಾಯ್ಲ್ ಪೆರಾಕ್ಸೈಡ್ ಪರಿಣಾಮಕಾರಿಯಾದರೂ ಬೆಕ್ಕಿನ ಚರ್ಮವನ್ನು ಕೆರಳಿಸುತ್ತದೆ. ಮನುಷ್ಯರ ಮೊಡವೆ ಮುಲಾಮಿನ ಸಾಂದ್ರತೆ ಅದಕ್ಕೆ ಹೆಚ್ಚಾಗುತ್ತದೆ. 1997ರಲ್ಲಿ ಪ್ರಕಟವಾದ, 25 ಬೆಕ್ಕುಗಳನ್ನೊಳಗೊಂಡ ಅಧ್ಯಯನವೊಂದರಲ್ಲಿ ಮುಪಿರೋಸಿನ್ ಮುಲಾಮು ಬಹುತೇಕ ಬೆಕ್ಕುಗಳಲ್ಲಿ ಒಳ್ಳೆಯ ಫಲ ನೀಡಿತು. ಆಳವಾದ ಸೋಂಕಿಗೆ ಕೆಲವು ವಾರಗಳ ಕಾಲ ಬಾಯಿಯ ಮೂಲಕ ಪ್ರತಿಜೈವಿಕ ಬೇಕಾಗುತ್ತದೆ, ಗದ್ದ ಒಣಗಿತೆಂದು ನಡುವೆ ನಿಲ್ಲಿಸಿದರೆ ಸೋಂಕು ಮರಳುತ್ತದೆ. ತೀವ್ರ ಊತಕ್ಕೆ ಸ್ಟೀರಾಯ್ಡ್ ಅನ್ನು ಅಲ್ಪಾವಧಿಗೆ ಬಳಸುವುದುಂಟು. ಹುಳುಕಡ್ಡಿ ಇಲ್ಲವೆಂದು ಖಚಿತಪಡಿಸಿಕೊಳ್ಳದೆ ಅದನ್ನು ಕೊಟ್ಟರೆ ಶಿಲೀಂಧ್ರ ಇನ್ನಷ್ಟು ಹರಡಬಹುದು.

ವಾಸಿಯಾದ ಬಳಿಕವೂ ಮರುಕಳಿಸುವ ಬೆಕ್ಕುಗಳಿಗೆ ವಾರಕ್ಕೆ ಒಂದೆರಡು ಬಾರಿ ಗದ್ದ ಒರೆಸುವುದನ್ನು ಮುಂದುವರಿಸಲಾಗುತ್ತದೆ.