ಕಪ್ಪು ಬಟ್ಟೆಯ ನಾಯಕಿಯರು

ಪ್ರಶ್ನೆ: ನೆಚ್ಚಿನ ಕಥೆಗಳ ಪಾತ್ರಗಳನ್ನಿಟ್ಟುಕೊಂಡು ಹವ್ಯಾಸಿಗಳು ಬರೆಯುವ ಫ್ಯಾನ್ ಫಿಕ್ಷನ್‌ಗಳಲ್ಲಿ ಕಾಡಿಗೆ ಮೆತ್ತಿಕೊಂಡ, ಸದಾ ಅಳುಮೋರೆಯ ಗಾಥ್, ಇಮೋ ಶೈಲಿಯ ಪಾತ್ರಗಳೇ ಏಕೆ ಅಷ್ಟೊಂದು?

ಉತ್ತರ: ಬರೆಯುವವರಲ್ಲಿ ಬಹಳ ಮಂದಿ ಹದಿಹರೆಯದವರು, ಅದೇ ದೊಡ್ಡ ಕಾರಣ. 2000ದ ದಶಕದಲ್ಲಿ ಮೈ ಕೆಮಿಕಲ್ ರೊಮಾನ್ಸ್, ಇವಾನೆಸೆನ್ಸ್‌ನಂಥ ಇದೇ ಧಾಟಿಯ ತಂಡಗಳ ಹಾಡು ಕೇಳುತ್ತಿದ್ದ ಅಮೆರಿಕದ ಹುಡುಗ ಹುಡುಗಿಯರು ತಾವು ತೊಟ್ಟ ಕಪ್ಪು ಬಟ್ಟೆಯನ್ನೇ ಪಾತ್ರಗಳಿಗೂ ತೊಡಿಸಿದರು. 2006ರಲ್ಲಿ ಶುರುವಾದ ‘ಮೈ ಇಮ್ಮಾರ್ಟಲ್’ ಎಂಬ ಫ್ಯಾನ್ ಫಿಕ್ಷನ್ ನೋಡಿ: ಹ್ಯಾರಿ ಪಾಟರ್‌ನ ಶಾಲೆಯಲ್ಲಿ ಎಬೊನಿ ಎಂಬ ರಕ್ತಪಿಶಾಚಿ ಓದುತ್ತಾಳೆ, ಹ್ಯಾರಿಯೂ ಗಾಥ್ ಆಗಿ ‘ವ್ಯಾಂಪೈರ್’ ಎಂದು ಹೆಸರು ಬದಲಿಸಿಕೊಂಡಿರುತ್ತಾನೆ! ಕಥೆಗಿಂತ ಉಡುಪಿನ ವರ್ಣನೆಯೇ ಜಾಸ್ತಿ, ಕಾಗುಣಿತವಂತೂ ದೇವರಿಗೇ ಪ್ರೀತಿ. (ಬೇಕೆಂದೇ ಮಾಡಿದ ಅಣಕವೋ ಏನೋ, ವಾದ ಇನ್ನೂ ಮುಗಿದಿಲ್ಲ.) ಹೊಸಬರಿಗೆ ಈ ವೇಷ ಅನುಕೂಲವೂ ಹೌದು: ತುಟಿಗೆ ಕಪ್ಪು ಬಣ್ಣ ಬಳಿದರೆ ಸಾಕು, ದುಃಖವನ್ನು ಬಿಡಿಸಿ ಬರೆಯುವ ಶ್ರಮ ಉಳಿಯುತ್ತದೆ.