ಕಣ್ಣಿನ ದೋಷವಲ್ಲ, ಚುಕ್ಕಿಗಳ ಲೆಕ್ಕ

ಕಳೆದ ವರ್ಷದ ಮಾತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎರಡನೇ ಪಿಯುಸಿ ಓದುತ್ತಿದ್ದಳು. ಅವಳ ತಂದೆ ಒಂದು ಸಂಜೆ ಮಗಳನ್ನೂ ಲ್ಯಾಪ್‌ಟಾಪನ್ನೂ ಕರೆತಂದರು. ‘ಮೇಷ್ಟ್ರೇ, ಸಾಲ ಮಾಡಿ ಇದನ್ನು ತಂದುಕೊಟ್ಟೆ. ಇವಳು ಮುಂದೆ ಕೂತರೆ ಮೂಗು ತೆರೆಗೆ ತಾಗುತ್ತೆ. ಅರ್ಧ ಗಂಟೆಗೆ ತಲೆನೋವು ಅಂತಾಳೆ. ಡಾಕ್ಟರಿಗೆ ತೋರಿಸಿದೆ, ಕಣ್ಣು ಸರಿಯಾಗಿದೆ ಅಂದರು. ಓದೋಕೆ ಮನಸ್ಸಿಲ್ಲದೆ ನೆಪ ಹೇಳ್ತಾಳೇನೋ’ ಎಂದರು. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು.

ತೆರೆದು ನೋಡಿದೆ. ಭೌತಶಾಸ್ತ್ರದ ಪ್ರಯೋಗಗಳನ್ನು ತೋರಿಸುವ ಹಳೆಯ ಜಾವಾ ಪ್ರೋಗ್ರಾಂ ಒಂದು. ಅದರ ಮೆನು, ಗುಂಡಿ, ಅಂಕಿ ಎಲ್ಲವೂ ಸಾಸಿವೆ ಕಾಳಿನಷ್ಟು. ಚಾಳೀಸು ಹಾಕಿಕೊಂಡ ನನಗೆ ಇರುವೆ ಸಾಲು ಕಂಡ ಹಾಗಾಯಿತು. ಕಂಟ್ರೋಲ್ ಕೀಲಿ ಒತ್ತಿ ಮೌಸಿನ ಚಕ್ರ ತಿರುಗಿಸಿದರೂ ಅಕ್ಷರ ಹಿಗ್ಗಲಿಲ್ಲ.

‘ಕಾಲೇಜಿನ ಕಂಪ್ಯೂಟರಿನಲ್ಲಿ ಇದೇ ಪ್ರೋಗ್ರಾಂ ಚೆನ್ನಾಗಿ ಕಾಣುತ್ತೆ ಸಾರ್’ ಎಂದಳು ಹುಡುಗಿ, ಮೆಲ್ಲಗೆ. ರೋಗದ ಮೂಲ ಆ ಒಂದು ಮಾತಿನಲ್ಲೇ ಇತ್ತು.

ಅಳತೆಪಟ್ಟಿ ತನ್ನಿ

ಕಂಪ್ಯೂಟರಿನ ತೆರೆ ಗ್ರಾಫ್ ಹಾಳೆಯಂತೆ. ಅದರ ಒಂದೊಂದು ಚೌಕವೂ ಒಂದು ಪಿಕ್ಸೆಲ್. ಹಳೆಯ ಪ್ರೋಗ್ರಾಂಗಳು ‘ಅಕ್ಷರ 12 ಚೌಕ ಎತ್ತರವಿರಲಿ’ ಎಂದಷ್ಟೇ ಹೇಳುತ್ತವೆ. ಚೌಕ ಎಷ್ಟು ದೊಡ್ಡದೆಂದು ಕೇಳುವುದಿಲ್ಲ. ಚೌಕ ಚಿಕ್ಕದಾದರೆ ಅಕ್ಷರವೂ ಚಿಕ್ಕದಾಗಲೇಬೇಕಲ್ಲವೇ?

ಕಾಲೇಜಿನಲ್ಲಿದ್ದದ್ದು 17 ಇಂಚಿನ ಹಳೆಯ ತೆರೆ. ಅಡ್ಡಲಾಗಿ 1280 ಪಿಕ್ಸೆಲ್, ಅಗಲ ಸುಮಾರು 13.3 ಇಂಚು. ಭಾಗಿಸಿ ನೋಡಿ: ಇಂಚಿಗೆ 96. ವಿಂಡೋಸ್ ಮೊದಲಿನಿಂದ ಆಧಾರವಾಗಿ ಇಟ್ಟುಕೊಂಡ ಅಳತೆಯೂ ಇದೇ. ಅಲ್ಲಿ 12 ಪಿಕ್ಸೆಲ್ ಎಂದರೆ ಸುಮಾರು 3.2 ಮಿಲಿಮೀಟರ್. ಹುಡುಗಿಯ 14 ಇಂಚಿನ ಲ್ಯಾಪ್‌ಟಾಪಿನಲ್ಲಿ ಅಡ್ಡಲಾಗಿ 2880 ಪಿಕ್ಸೆಲ್, ಅಗಲ 11.9 ಇಂಚು. ಎಂದರೆ ಇಂಚಿಗೆ 242. ಅದೇ 12 ಪಿಕ್ಸೆಲ್ ಇಲ್ಲಿ 1.3 ಮಿಲಿಮೀಟರಿಗಿಂತ ಕಡಿಮೆ! ತೆರೆ ಉತ್ತಮವಾದಷ್ಟೂ ಅಕ್ಷರ ಕುಗ್ಗಿತು.

ಹಾಗಾದರೆ ಉಳಿದ ಪ್ರೋಗ್ರಾಂಗಳೇಕೆ ಸರಿಯಾಗಿ ಕಾಣುತ್ತವೆ? ತೆರೆಯ ಸಾಂದ್ರತೆ ತಿಳಿದ ಪ್ರೋಗ್ರಾಂಗಳು ತಾವೇ ಹಿಗ್ಗುತ್ತವೆ. ‘ನನಗೆ ತಿಳಿಯದು’ ಎನ್ನುವ ಹಳೆಯವನ್ನು ವಿಂಡೋಸ್ ಚಿತ್ರದಂತೆ ಎಳೆದು ದೊಡ್ಡದು ಮಾಡುತ್ತದೆ. ಅವು ತುಸು ಮಸುಕಾದರೂ ಓದಲು ಬರುತ್ತವೆ. ಮೂರನೆಯ ಜಾತಿ ತಂಟೆಯದು. ‘ನಾನೇ ನೋಡಿಕೊಳ್ಳುತ್ತೇನೆ’ ಎಂದು ಒಪ್ಪಿಕೊಂಡು ಏನೂ ಮಾಡದಂಥವು. ಅವುಗಳ ಮಾತು ನಂಬಿ ವಿಂಡೋಸ್ ಸುಮ್ಮನಿರುತ್ತದೆ. ಜಾವಾ 8ರಲ್ಲಿ ನಡೆಯುವ ಪ್ರೋಗ್ರಾಂಗಳ ಪಾಡು ಇದೇ. 2017ರಲ್ಲಿ ಬಂದ ಜಾವಾ 9 ಈ ಕೊರತೆಯನ್ನು ನೀಗಿತು.

ಪರಿಹಾರದ ಮೆಟ್ಟಿಲುಗಳು

ವಿಂಡೋಸ್ 10 ಅಥವಾ 11 ಇರುವವರು ಹೀಗೆ ಒಂದೊಂದಾಗಿ ಪ್ರಯತ್ನಿಸಬಹುದು.

ಮೊದಲು ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ಎಂದು ಹೋಗಿ ಅಲ್ಲಿನ ‘ಸ್ಕೇಲ್’ ಎಷ್ಟಿದೆ ನೋಡಿ. ಅದನ್ನು 125, 150 ಅಥವಾ 200 ಶೇಕಡಾ ಮಾಡಿ ಪ್ರೋಗ್ರಾಂ ಮುಚ್ಚಿ ತೆರೆಯಿರಿ. ಬಹುಪಾಲು ತೊಂದರೆ ಇಲ್ಲಿಗೇ ಮುಗಿಯುತ್ತದೆ.

ಒಂದೇ ಪ್ರೋಗ್ರಾಂ ಹಟ ಹಿಡಿದರೆ ಅದರ ಚಿಹ್ನೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’, ಅದರಲ್ಲಿ ‘ಕಂಪ್ಯಾಟಿಬಿಲಿಟಿ’, ಅದರಲ್ಲಿ ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’ ತೆರೆಯಿರಿ. ಕೆಳಗಿರುವ ‘ಓವರ್‌ರೈಡ್’ ಚೌಕಕ್ಕೆ ಗುರುತು ಹಾಕಿ ‘ಸಿಸ್ಟಮ್’ ಆರಿಸಿ. ಎಂದರೆ ‘ಇದರ ಮಾತು ಕೇಳಬೇಡ, ನೀನೇ ಹಿಗ್ಗಿಸು’ ಎಂದು ವಿಂಡೋಸಿಗೆ ಅಪ್ಪಣೆ ಕೊಟ್ಟಂತೆ. ಜಾವಾ ಪ್ರೋಗ್ರಾಂ ಆದರೆ ಈ ಬದಲಾವಣೆಯನ್ನು ಜಾವಾ ಇರುವ ಕೋಶದೊಳಗಿನ ‘ಬಿನ್’ನಲ್ಲಿರುವ ‘ಜಾವಾಡಬ್ಲ್ಯೂ’ ಎಂಬ ಕಡತಕ್ಕೆ ಮಾಡಬೇಕು. ಹಲವರು ಎಡವುವುದು ಇಲ್ಲೇ.

ಇದೂ ಫಲಿಸದಿದ್ದರೆ ವಿಂಡೋಸ್ ಕೀಲಿ ಹಿಡಿದು ಕೂಡಿಸುವ ಚಿಹ್ನೆ ಒತ್ತಿ, ಭೂತಗನ್ನಡಿ ತೆರೆದುಕೊಳ್ಳುತ್ತದೆ. ವಿಂಡೋಸ್ ಮತ್ತು ಎಸ್ಕೇಪ್ ಕೀಲಿ ಒಟ್ಟಿಗೆ ಒತ್ತಿದರೆ ಮುಚ್ಚುತ್ತದೆ. ಕೆಲವರು ತೆರೆಯ ರೆಸಲ್ಯೂಷನ್ನನ್ನೇ ಇಳಿಸಿಬಿಡುತ್ತಾರೆ. ಅಕ್ಷರ ದೊಡ್ಡದಾಗುವುದು ನಿಜ, ಆದರೆ ಇಡೀ ತೆರೆ ಮಸುಕಾಗಬಹುದು. ಒಂದು ಪ್ರೋಗ್ರಾಮಿನ ತಪ್ಪಿಗೆ ಎಲ್ಲಕ್ಕೂ ಶಿಕ್ಷೆ ಏಕೆ?

ನಾನು ಹೇಳುತ್ತ ಹೋದೆ, ಹುಡುಗಿ ತಾನೇ ಮಾಡಿದಳು. ಪ್ರೋಗ್ರಾಂ ಮತ್ತೆ ತೆರೆದಾಗ ಅಕ್ಷರಗಳು ತುಸು ಮಸುಕಾಗಿದ್ದರೂ ಕೈಯಳತೆ ದೂರದಿಂದ ಓದುವಂತಿದ್ದವು. ಅವಳು ಬೆನ್ನು ನೆಟ್ಟಗೆ ಮಾಡಿ ಕುಳಿತಳು. ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಅವತ್ತೇ ಹೇಳಿದ್ದಳು, ಕಾಣಲ್ಲ ಅಪ್ಪಾ ಅಂತ. ನಾನೇ ಕೇಳಿಸಿಕೊಳ್ಳಲಿಲ್ಲ’ ಎಂದರು.

ತಂದೆ ತಾಯಿಯರೇ, ಮಗು ‘ಕಾಣುತ್ತಿಲ್ಲ’ ಎಂದರೆ ಮೊದಲು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅದರಲ್ಲಿ ಉದಾಸೀನ ಬೇಡ. ಕಣ್ಣು ಸರಿಯಿದ್ದರೆ ಮಗುವನ್ನು ಗದರುವ ಮುನ್ನ ಒಂದು ಅಳತೆಪಟ್ಟಿ ಹಿಡಿದು ಅದರ ಪಕ್ಕದಲ್ಲಿ ಕುಳಿತುಕೊಳ್ಳಿ. ವಿದ್ಯಾರ್ಥಿಗಳೇ, ಇಂದೇ ನಿಮ್ಮ ತೆರೆಯ ಅಗಲ ಅಳೆದು ಇಂಚಿಗೆ ಎಷ್ಟು ಪಿಕ್ಸೆಲ್ ಎಂದು ಲೆಕ್ಕ ಹಾಕಿ. ಪರೀಕ್ಷೆಗೆ ಬಾರದಿದ್ದರೂ ಬದುಕಿಗೆ ಬರುವ ಭಾಗಾಕಾರ ಅದು.